ಓಟಕ್ಕೆ ತಕ್ಕ ಶೂ

ಅಂಗಡಿಯ ಗೋಡೆ ತುಂಬ ಶೂ. ಒಂದಕ್ಕೆ ಎರಡು ಸಾವಿರ, ಪಕ್ಕದ್ದಕ್ಕೆ ಇಪ್ಪತ್ತು ಸಾವಿರ. ‘ಯಾವುದು ಒಳ್ಳೇದು?’ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ‘ಯಾವ ಓಟಕ್ಕೆ?’ ಎಂದು ಕೇಳಿಕೊಂಡು ನೋಡಿ, ಅರ್ಧ ಗೋಡೆ ತಾನಾಗಿ ಖಾಲಿಯಾಗುತ್ತದೆ!

2021ರ ಸೆಪ್ಟೆಂಬರ್ 12, ಭಾನುವಾರ. ವಿಯೆನ್ನಾ ಸಿಟಿ ಮ್ಯಾರಥಾನ್‌ನ ಕೊನೇ ಗೆರೆ. ಇಥಿಯೋಪಿಯಾದ ದೆರಾರಾ ಹುರಿಸಾ 2 ಗಂಟೆ 9 ನಿಮಿಷ 22 ಸೆಕೆಂಡ್‌ಗೆ ಗೆರೆ ದಾಟಿದರು. ಕೆನ್ಯಾದ ಲಿಯೊನಾರ್ಡ್ ಲಾಂಗಟ್ ಬಂದದ್ದು ಮೂರು ಸೆಕೆಂಡ್ ತಡವಾಗಿ. ನಲವತ್ತೆರಡು ಕಿಲೋಮೀಟರ್ ಓಡಿ ಮೂರೇ ಸೆಕೆಂಡಿನ ಗೆಲುವು.

ಆ ಸಂಭ್ರಮ ಹೆಚ್ಚು ಹೊತ್ತು ಉಳಿಯಲಿಲ್ಲ. ತೀರ್ಪುಗಾರರ ಕಣ್ಣು ಹುರಿಸಾ ಅವರ ಕಾಲಿನ ಮೇಲೆ ಬಿತ್ತು. ಶೂವಿನ ಅಟ್ಟೆ 5 ಸೆಂಟಿಮೀಟರ್ ದಪ್ಪವಿತ್ತು. ನಿಯಮ ಒಪ್ಪುವುದು 4 ಸೆಂಟಿಮೀಟರ್. ಓಟಕ್ಕೆ ಮೊದಲು ಬರೆದುಕೊಟ್ಟ ಫಾರಂನಲ್ಲಿದ್ದ ಶೂ ನಿಯಮದೊಳಗಿನದ್ದೇ. ಕಾಲಿಗೇರಿಸಿಕೊಂಡು ಬಂದದ್ದು ಮಾತ್ರ ಅಭ್ಯಾಸದ ಓಟದಲ್ಲಿ ಬಳಸುತ್ತಿದ್ದ ಬೇರೆ ಜೋಡಿ. ಹುರಿಸಾ ಅನರ್ಹರಾದರು, ಮೊದಲ ಸ್ಥಾನ ಲಾಂಗಟ್ ಪಾಲಾಯಿತು.

ನಮ್ಮ ಅಟ್ಟೆಯನ್ನು ಅಳೆಯಲು ಯಾರೂ ಬರುವುದಿಲ್ಲ. ಆದರೆ ಹುರಿಸಾ ಒಂದು ದಿನ ಮಾಡಿದ್ದನ್ನು ನಾವು ವರ್ಷಪೂರ್ತಿ ಮಾಡುತ್ತೇವೆ. ಒಂದು ಓಟದ ಶೂವನ್ನು ಇನ್ನೊಂದು ಓಟಕ್ಕೆ ಹಾಕಿಕೊಂಡು ಹೊರಡುತ್ತೇವೆ.

ಭಾನುವಾರ ಬೆಳಿಗ್ಗೆ ಬೆಂಗಳೂರಿನ ಕಬ್ಬನ್ ಪಾರ್ಕಿಗೆ ಹೋಗಿ, ಮುಖಗಳನ್ನು ಬಿಟ್ಟು ಕಾಲುಗಳನ್ನಷ್ಟೇ ನೋಡಿ. ಕಾರ್ಬನ್ ತಗಡಿನ ರೇಸ್ ಶೂ ಹಾಕಿಕೊಂಡವರು ಗೆಳೆಯನ ಜೊತೆ ಸೈಟಿನ ರೇಟು ಮಾತಾಡುತ್ತ ನಿಧಾನ ಹೋಗುತ್ತಿರುತ್ತಾರೆ. ಕಾಡುಹಾದಿಗೆಂದು ಮಾಡಿದ ಮುಳ್ಳು ಅಟ್ಟೆಯ ಶೂ ಡಾಂಬರಿನ ಮೇಲೆ ಟಕಟಕ ಸದ್ದು ಮಾಡುತ್ತದೆ. ಬ್ಯಾಡ್ಮಿಂಟನ್ ಶೂಗಳಿರುತ್ತವೆ, ಆಫೀಸಿನ ಬಿಳಿ ಸ್ನೀಕರ್ ಇರುತ್ತದೆ. ಮಗನ ಹಳೇ ಸ್ಕೂಲ್ ಶೂ ಹಾಕಿಕೊಂಡು ಎಲ್ಲರಿಗಿಂತ ಮುಂದೆ ಓಡುವ ಯಜಮಾನರೊಬ್ಬರೂ ಎಲ್ಲೋ ಸಿಗುತ್ತಾರೆ. ಅವರ ವಿಷಯಕ್ಕೆ ನಾವು ಹೋಗದಿರುವುದೇ ಒಳ್ಳೆಯದು!

ಮಳೆ ಹಿಂದೆ ಸರಿದರೆ ಓಟದ ಹಂಗಾಮು ಶುರು. ಶ್ರೀರಂಗಪಟ್ಟಣದ ಬಳಿ ಕಾವೇರಿ ಟ್ರೇಲ್ ಮ್ಯಾರಥಾನ್, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಮಲ್ನಾಡ್ ಅಲ್ಟ್ರಾ, ಜನವರಿಯಲ್ಲಿ ಮುಂಬೈ ಮ್ಯಾರಥಾನ್, ಬೇಸಿಗೆಯಲ್ಲಿ 2008ರಿಂದ ನಡೆದುಬಂದ ಬೆಂಗಳೂರಿನ ವರ್ಲ್ಡ್ 10ಕೆ. ಹೆಸರು ನೋಂದಾಯಿಸಿದ ಮರುದಿನವೇ ಜನ ಶೂ ಅಂಗಡಿಗೆ ಹೋಗುತ್ತಾರೆ. ಅಲ್ಲಿ ಗೊಂದಲ ಶುರುವಾಗುತ್ತದೆ.

ಬರಿಗಾಲಿನ ಅರ್ಧ ಕಥೆ

ಶೂ ಇಲ್ಲದೆಯೂ ಓಡಬಹುದು ಎನ್ನುವುದಕ್ಕೆ ಸಾಕ್ಷಿ ಹುಡುಕಲು ದೂರ ಹೋಗಬೇಕಿಲ್ಲ. 2020ರ ಫೆಬ್ರುವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳ ಹಿಂದೆ 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಮುಗಿಸಿ ದೇಶದ ಮನೆಮಾತಾದರು. ಓಡಿದ್ದು ಬರಿಗಾಲಲ್ಲಿ. ಕಂಬಳದ ಕೆಸರಿನಲ್ಲಿ ಯಾವ ಕಂಪನಿಯ ಶೂ ಹಾಕಿದರೂ ಎರಡನೇ ಹೆಜ್ಜೆಗೆ ಅಲ್ಲೇ ಹೂತುಕೊಳ್ಳುತ್ತದೆ. ಆ ಓಟಕ್ಕೆ ಬರಿಗಾಲೇ ಸರಿಯಾದ ಶೂ.

ಬರಿಗಾಲು ಎಂದರೆ ಎಲ್ಲರೂ ಹೇಳುವ ಹೆಸರು ಇಥಿಯೋಪಿಯಾದ ಅಬೆಬೆ ಬಿಕಿಲಾ ಅವರದು. 1960ರ ರೋಮ್ ಒಲಿಂಪಿಕ್ಸ್‌ಗೆ ಬಂದಾಗ ಸಿಕ್ಕಿದ ಶೂ ಅವರ ಕಾಲಿಗೆ ಹಿತವಾಗಲಿಲ್ಲ. ಬರಿಗಾಲಲ್ಲಿ ಓಡಿ ರೂಢಿಯಿತ್ತು, ಹಾಗೇ ಓಡಿದರು. 2 ಗಂಟೆ 15 ನಿಮಿಷ 16 ಸೆಕೆಂಡಿಗೆ ಚಿನ್ನ ಗೆದ್ದರು. ಶೂ ವಿರೋಧಿಗಳು ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ನಾಲ್ಕು ವರ್ಷದ ನಂತರ ಟೋಕಿಯೊದಲ್ಲಿ ಅದೇ ಬಿಕಿಲಾ ಶೂ ಹಾಕಿಕೊಂಡು ಓಡಿದರು. 2 ಗಂಟೆ 12 ನಿಮಿಷ 11 ಸೆಕೆಂಡಿಗೆ ಮತ್ತೆ ಚಿನ್ನ. ಅವರಿಗೆ ಬರಿಗಾಲಿನ ವ್ರತವೇನೂ ಇರಲಿಲ್ಲ. ರೋಮ್‌ನಲ್ಲಿ ಶೂ ಕಚ್ಚುತ್ತಿತ್ತು, ಟೋಕಿಯೊದಲ್ಲಿ ಕಚ್ಚಲಿಲ್ಲ.

ಎಪ್ಪತ್ತರ ದಶಕದ ಆರಂಭದಲ್ಲಿ ಅಮೆರಿಕದ ಒರೆಗಾನ್‌ನ ಕೋಚ್ ಬಿಲ್ ಬೋವರ್ಮನ್ ಹೆಂಡತಿಯ ವಾಫಲ್ ಅಚ್ಚಿಗೆ ರಬ್ಬರ್ ಸುರಿದು ಹಿಡಿತ ಕೊಡುವ ಅಟ್ಟೆ ಮಾಡಲು ನೋಡಿದರು. ಅಚ್ಚು ಹಾಳಾಯಿತು, ಅವರ ನೈಕಿ ಕಂಪನಿ ಬೆಳೆಯಿತು. ಆಮೇಲೆ ಓಡುವುದು ಜನಸಾಮಾನ್ಯರ ಹವ್ಯಾಸವಾಯಿತು, ಶೂ ದೊಡ್ಡ ವ್ಯಾಪಾರವಾಯಿತು.

ವ್ಯಾಪಾರ ಬೆಳೆದಂತೆ ಒಂದು ಶಾಸ್ತ್ರವೂ ಹುಟ್ಟಿಕೊಂಡಿತು. ಒದ್ದೆ ಪಾದವನ್ನು ನೆಲದ ಮೇಲಿಟ್ಟು ಅಚ್ಚು ನೋಡಿ, ಚಪ್ಪಟೆ ಪಾದಕ್ಕೆ ಒಂದು ಶೂ, ಎತ್ತರದ ಕಮಾನಿಗೆ ಇನ್ನೊಂದು, ನಡುವಿನದಕ್ಕೆ ಮತ್ತೊಂದು ಎಂದು ಹೇಳುವ ಶಾಸ್ತ್ರ. ಕೇಳಲು ತರ್ಕಬದ್ಧ. ಇವತ್ತಿಗೂ ಎಷ್ಟೋ ಅಂಗಡಿಗಳಲ್ಲಿ ನಡೆಯುತ್ತಿದೆ. ಅಮೆರಿಕದ ಭೂಸೇನೆ, ವಾಯುಪಡೆ, ಮರೀನ್ ದಳದ ತರಬೇತಿ ಶಿಬಿರಗಳಲ್ಲಿ ಸಾವಿರಾರು ಹೊಸಬರ ಮೇಲೆ ಇದನ್ನು ಪರೀಕ್ಷಿಸಿದರು. ಒಂದು ಗುಂಪಿಗೆ ಕಮಾನು ನೋಡಿ ಶೂ ಕೊಟ್ಟರು, ಇನ್ನೊಂದು ಗುಂಪಿಗೆ ಕಮಾನು ಹೇಗೇ ಇರಲಿ ಒಂದೇ ಬಗೆಯ ಶೂ ಕೊಟ್ಟರು. ಗಾಯಗಳ ಲೆಕ್ಕದಲ್ಲಿ ಎರಡು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಹಾಗಾದರೆ ನಂಬುವುದು ಯಾವುದನ್ನು? ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದಲ್ಲಿ ದಶಕಗಳ ಕಾಲ ಓಟಗಾರರ ಕಾಲನ್ನು ಅಧ್ಯಯನ ಮಾಡಿದ ಬೆನ್ನೊ ನಿಗ್ ಅವರ ವಾದ ಸರಳ. ಹಾಕಿಕೊಂಡಾಗ ಯಾವ ಶೂ ಹಿತ ಅನಿಸುತ್ತದೋ ಅದನ್ನೇ ಆರಿಸಿ, ಅದು ದೇಹವೇ ಕೊಡುವ ಸೂಚನೆ ಎನ್ನುತ್ತಾರೆ ಅವರು. ಇಷ್ಟು ವರ್ಷದ ಸಂಶೋಧನೆ ಬಂದು ನಿಂತದ್ದು ನಮ್ಮಜ್ಜ ಚಪ್ಪಲಿ ಅಂಗಡಿಯಲ್ಲಿ ನಾಲ್ಕು ಹೆಜ್ಜೆ ನಡೆದು ನೋಡುತ್ತಿದ್ದ ಪದ್ಧತಿಗೇ!

ಆದರೆ ಹಿತವೊಂದೇ ಸಾಲದು. ಸೋಫಾದಷ್ಟು ಮೆತ್ತಗಿನ ಶೂ ಅಂಗಡಿಯ ಟೈಲ್ಸ್ ಮೇಲೆ ಹಿತವಾಗಿಯೇ ಇರುತ್ತದೆ, ಕಾಫಿ ತೋಟದ ಇಳಿಜಾರಿನಲ್ಲಿ ಕಾಲು ಉಳುಕಿಸುತ್ತದೆ. ಅದಕ್ಕೇ ಮೊದಲು ಓಟ ಯಾವುದೆಂದು ತೀರ್ಮಾನವಾಗಬೇಕು. ಎಲ್ಲಿ ಓಡುತ್ತೀರಿ, ಎಷ್ಟು ದೂರ, ಎಷ್ಟು ಜೋರಾಗಿ?

■ ಅಂಗಡಿಯವರ ಮಾತು
ಡ್ರಾಪ್: ಹಿಮ್ಮಡಿಯ ಕೆಳಗಿನ ಅಟ್ಟೆಗೂ ಬೆರಳಿನ ಕೆಳಗಿನ ಅಟ್ಟೆಗೂ ಇರುವ ಎತ್ತರದ ವ್ಯತ್ಯಾಸ. ಮಾಮೂಲಿ ಶೂಗಳಲ್ಲಿ 8ರಿಂದ 12 ಮಿ.ಮೀ. ಇರುತ್ತದೆ. ಕಡಿಮೆಯಾದಷ್ಟೂ ಮೀನಖಂಡಕ್ಕೆ, ಹಿಮ್ಮಡಿಯ ನರಕ್ಕೆ ಕೆಲಸ ಹೆಚ್ಚು.
ಸ್ಟ್ಯಾಕ್: ನೆಲಕ್ಕೂ ಪಾದಕ್ಕೂ ನಡುವಿನ ಒಟ್ಟು ದಪ್ಪ. ರಸ್ತೆ ಸ್ಪರ್ಧೆಯಲ್ಲಿ ಗರಿಷ್ಠ 40 ಮಿ.ಮೀ., ಒಳಗೆ ಒಂದೇ ತಗಡು. ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ 2020ರಲ್ಲಿ ತಂದ ನಿಯಮವಿದು.
ಲಗ್: ಅಟ್ಟೆಯ ಕೆಳಗಿನ ಮುಳ್ಳು. ಕೆಸರುಹಾದಿಗೆ 4ರಿಂದ 6 ಮಿ.ಮೀ. ಬೇಕು.
2ಇ, 4ಇ: ಅಗಲ ಪಾದದವರ ಶೂ. ಗಂಡಸರ ಮಾಮೂಲಿ ಅಗಲ ‘ಡಿ’, ಹೆಂಗಸರದು ‘ಬಿ’.

ದಿನದ ಓಟಕ್ಕೆ ದಿನದ ಶೂ

ನಮ್ಮ ಓಟಗಳಲ್ಲಿ ಬಹುಪಾಲು ಮಾತಾಡಿಕೊಂಡು ಓಡುವ ನಿಧಾನ ಓಟ. ಓಟಗಾರರ ಬಾಯಲ್ಲಿ ಈಸಿ ರನ್. ಇದಕ್ಕೆ ಬೇಕಾದದ್ದು ಅತ್ಯಂತ ಸಾದಾ ಶೂ: ಸಾಕಷ್ಟು ಕುಷನ್, ಹಿಮ್ಮಡಿ ಹಿಡಿದು ನಿಲ್ಲುವ ಹಿಂಭಾಗ, ಬೆರಳು ಆಡಿಸಲು ಜಾಗ, ಬೇಗ ಸವೆಯದ ರಬ್ಬರ್. ತೂಕ 250ರಿಂದ 300 ಗ್ರಾಂ ಇದ್ದರೂ ನಡೆಯುತ್ತದೆ. ಒಳಗೆ ತಗಡು ಬೇಡವೇ ಬೇಡ.

ಒಂದು ಗಂಟೆಯಲ್ಲಿ 10 ಕಿ.ಮೀ. ಓಡುವವರು ಸುಮಾರು ಹತ್ತು ಸಾವಿರ ಹೆಜ್ಜೆ ಹಾಕುತ್ತಾರೆ. ಪ್ರತಿ ಹೆಜ್ಜೆಗೂ ಕಾಲಿನ ಮೇಲೆ ಮೈತೂಕದ ಎರಡು–ಮೂರು ಪಟ್ಟು ಭಾರ ಬೀಳುತ್ತದೆ. 75 ಕಿಲೋ ಇರುವವರು ಲೆಕ್ಕ ಹಾಕಿ ನೋಡಲಿ. ಗಟ್ಟಿ ರಬ್ಬರಿನ ಬ್ಯಾಡ್ಮಿಂಟನ್ ಶೂ ಈ ಕೆಲಸಕ್ಕೆ ಹುಟ್ಟಿದ್ದಲ್ಲ. ಅದು ಅಂಗಳದಲ್ಲಿ ಅಕ್ಕಪಕ್ಕ ಜಿಗಿಯುವವರಿಗೆ.

ಭಾನುವಾರದ ಲಾಂಗ್ ರನ್‌ಗೂ ಇದೇ ಶೂ ಸಾಕು. ಎರಡು ಗಂಟೆ ದಾಟುವ ಓಟವಾದರೆ ಇನ್ನಷ್ಟು ದಪ್ಪ, ಮೆತ್ತಗಿನದು ಒಳ್ಳೆಯದು. ದೂರ ಓಡಿದಂತೆ ಪಾದ ಊದುತ್ತದೆ; ಬೆಳಿಗ್ಗೆ ಸರಿಯಾಗಿದ್ದ ಶೂ ಹದಿನೆಂಟನೇ ಕಿಲೋಮೀಟರಿಗೆ ಬಿಗಿಯಾಗುತ್ತದೆ. ಓಟಗಾರರ ಹೆಬ್ಬೆರಳಿನ ಉಗುರು ಕಪ್ಪಾಗುವುದು ಹೀಗೆ. ಅದನ್ನು ಪದಕದಂತೆ ತೋರಿಸಿಕೊಂಡು ತಿರುಗುವವರಿದ್ದಾರೆ. ಅದು ಸಾಧನೆಯ ಗುರುತಲ್ಲ, ಸೈಜ್ ತಪ್ಪಿದ್ದರ ಗುರುತು. ಹತ್ತಿ ಕಾಲುಚೀಲವೂ ಲಾಂಗ್ ರನ್‌ಗೆ ಬೇಡ. ಬೆವರು ಹೀರಿ ಒದ್ದೆಯಾಗಿ ಉಜ್ಜಿ ಗುಳ್ಳೆ ಎಬ್ಬಿಸುತ್ತದೆ.

ಸಾವಿರದ ಆರುನೂರು ಮೀಟರ್

ರಾಜ್ಯದಲ್ಲಿ ಅತಿ ಹೆಚ್ಚು ಗಂಭೀರವಾಗಿ ಓಡುವವರು ಕಬ್ಬನ್ ಪಾರ್ಕಿನಲ್ಲಿ ಇಲ್ಲ ಎಂಬುದು ನನ್ನ ಅನುಮಾನ. ಅವರು ತಾಲ್ಲೂಕು ಕೇಂದ್ರಗಳ ಕ್ರೀಡಾಂಗಣದಲ್ಲಿದ್ದಾರೆ. ಬೆಳಿಗ್ಗೆ ಐದೂವರೆಗೆ ಹೋದರೆ ಕೆಮ್ಮಣ್ಣಿನ ಮೇಲೆ ಸುಣ್ಣದ ಗೆರೆ, ಅದರ ಸುತ್ತ ಇಪ್ಪತ್ತು–ಮೂವತ್ತು ಹುಡುಗರು, ಒಂದಷ್ಟು ಹುಡುಗಿಯರು. ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಯಲ್ಲಿ ಗಂಡಸರು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ, ಹೆಂಗಸರು 400 ಮೀಟರನ್ನು 2 ನಿಮಿಷದೊಳಗೆ ಮುಗಿಸಬೇಕು. ಒಂದು ಸೆಕೆಂಡ್ ಹೆಚ್ಚಾದರೆ ನೌಕರಿ ಇಲ್ಲ.

ಅಲ್ಲಿ ತರಬೇತಿ ಕೊಡುವ ಮೇಷ್ಟ್ರ ಹತ್ತಿರ ಹುಡುಗನೊಬ್ಬ ಫೋನು ಹಿಡಿದು ಬಂದ.

‘ಸರ್, ಏರ್ ಇರೋ ಶೂ ತಗೊಳ್ಲಾ? ಆಫರ್ ಐತೆ.’

‘ಏರು ಟೈರಿಗೆ ಹಾಕ್ಸು ಮಾರಾಯ. ನಿಂಗೆ ಹಗುರ ಇರೋದು ಬೇಕು. ಹಿಮ್ಮಡಿ ಅಲ್ಲಾಡ್ಬಾರ್ದು. ಬೆರಳು ಒತ್ಬಾರ್ದು. ಅಷ್ಟೆ.’

ಇದಕ್ಕಿಂತ ಚೊಕ್ಕವಾಗಿ ಯಾವ ಕಂಪನಿಯೂ ಹೇಳಲಾರದು. ಜೋರು ಓಟದಲ್ಲಿ ತೂಕ ಲೆಕ್ಕಕ್ಕೆ ಬರುತ್ತದೆ. ಪ್ರತಿ ಶೂವಿಗೆ 100 ಗ್ರಾಂ ಹೆಚ್ಚಾದರೆ ಓಡಲು ಬೇಕಾಗುವ ಶಕ್ತಿ ಸುಮಾರು ಶೇ 1ರಷ್ಟು ಹೆಚ್ಚುತ್ತದೆ ಎಂದು ಪ್ರಯೋಗಾಲಯದ ಅಳತೆಗಳು ಹೇಳುತ್ತವೆ. ಆರೂವರೆ ನಿಮಿಷದ ಓಟದಲ್ಲಿ ಅದು ಸಣ್ಣ ಮಾತಲ್ಲ. ತೀರಾ ಮೆತ್ತಗಿನ ದಪ್ಪ ಅಟ್ಟೆ ತಿರುವಿನಲ್ಲಿ ಕಾಲನ್ನು ಅತ್ತಿತ್ತ ಜಾರಿಸುತ್ತದೆ. ಒತ್ತಿದರೆ ಸ್ವಲ್ಪ ಗಟ್ಟಿ ಅನಿಸುವ, ತೆಳುವಾದ, ಹಗುರ ಶೂ ಇಲ್ಲಿ ಸರಿ. ಇಂಟರ್‌ವಲ್, ಟೆಂಪೊ ಎಂದು ವಾರಕ್ಕೊಮ್ಮೆ ಜೋರಾಗಿ ಓಡುವ ಪೇಟೆಯ ಓಟಗಾರರಿಗೂ ಇದೇ ಮಾತು ಅನ್ವಯ.

ಕಂಠೀರವದಂಥ ಸಿಂಥೆಟಿಕ್ ಟ್ರ್ಯಾಕ್‌ನಲ್ಲಿ ಸ್ಪರ್ಧೆಗೆ ಇಳಿಯುವವರು ಸ್ಪೈಕ್ಸ್ ಹಾಕುತ್ತಾರೆ. ಉಳಿದವರಿಗೆ ಅದರ ಗೊಡವೆ ಬೇಡ. ಹಿಮ್ಮಡಿಗೆ ಆಸರೆಯೇ ಇರದ ಆ ಶೂನಲ್ಲಿ ಮೀನಖಂಡ ಎರಡೇ ದಿನದಲ್ಲಿ ದೂರು ಹೇಳುತ್ತದೆ.

ನಾಲೆ ಏರಿಯೇ ಬೇರೆ, ತೋಟದ ಹಾದಿಯೇ ಬೇರೆ

ಕಾವೇರಿ ಟ್ರೇಲ್ ಹೆಸರು ಕೇಳಿ ಕಾಡುಹಾದಿಯ ಶೂ ಕೊಳ್ಳುವವರಿದ್ದಾರೆ. ರಂಗನತಿಟ್ಟಿನ ಸಮೀಪ ವಿರಿಜಾ ನಾಲೆಯ ಏರಿಯ ಮೇಲಿನ ಓಟ ಅದು. ಮಣ್ಣಿನ ದಾರಿ, ಹೆಚ್ಚೂಕಮ್ಮಿ ಸಮತಟ್ಟು. ಒಣ ಹವೆಯಿದ್ದರೆ ದಿನದ ರಸ್ತೆ ಶೂನಲ್ಲೇ ಆರಾಮಾಗಿ ಓಡಬಹುದು. ಅಲ್ಲಿ ನಿಮ್ಮನ್ನು ಕಾಡುವುದು ನೆಲವಲ್ಲ, ಒಂಬತ್ತು ಗಂಟೆಯ ಬಿಸಿಲು.

ಚಿಕ್ಕಮಗಳೂರಿನ ತೋಟಗಳ ಲೆಕ್ಕವೇ ಬೇರೆ. ಮಳೆಗಾಲ ಮುಗಿಯುವ ಹೊತ್ತಿನ ಮಲೆನಾಡಿನಲ್ಲಿ ಜೀಪು ಓಡಾಡಿ ಗುಂಡಿಬಿದ್ದ ಕೆಸರು, ಉರುಳುವ ಸಣ್ಣಕಲ್ಲು, ಪಾಚಿ ಕಟ್ಟಿದ ಬಂಡೆ, ಎಲೆ ಮುಚ್ಚಿದ ಬೇರು, ಏರಿದಷ್ಟೇ ಇಳಿಯುವ ಹಾದಿ. ಇಲ್ಲಿ ಟ್ರೇಲ್ ಶೂ ಶೋಕಿಯಲ್ಲ, ಅಗತ್ಯ. ಆಳದ ಲಗ್, ಬೆರಳನ್ನು ಕಾಯುವ ಗಟ್ಟಿ ಮೂತಿ, ಚೂಪುಕಲ್ಲಿನ ಏಟು ತಡೆಯುವ ತೆಳು ಹಲಗೆ, ಅಗಲವಾದ ತಳ ಇರಬೇಕು. ಅಟ್ಟೆ ತೀರಾ ಎತ್ತರವಾದರೆ ಓರೆ ನೆಲದಲ್ಲಿ ಕಣಕಾಲು ಮಗುಚುತ್ತದೆ. ಒದ್ದೆ ಬಂಡೆಯ ಮೇಲೆ ಎಷ್ಟು ಆಳದ ಲಗ್ ಇದ್ದರೂ ಪ್ರಯೋಜನವಿಲ್ಲ. ಅಲ್ಲಿ ಹಿಡಿಯುವುದು ರಬ್ಬರಿನ ಅಂಟುಗುಣ, ಮತ್ತು ನಿಮ್ಮ ಎಚ್ಚರ. ಇಂಬಳಗಳನ್ನು ತಡೆಯುವ ಶೂವನ್ನಂತೂ ಯಾವ ಕಂಪನಿಯೂ ಮಾಡಿಲ್ಲ. ಅದಕ್ಕೆ ತೋಟದವರನ್ನೇ ಕೇಳಿ, ಹೊಗೆಸೊಪ್ಪು–ಸುಣ್ಣದ ಉಪಾಯ ಹೇಳಿಕೊಡುತ್ತಾರೆ.

ವಾಟರ್‌ಪ್ರೂಫ್ ಶೂ ಮಳೆನಾಡಿಗೆ ಒಳ್ಳೆಯದೆಂದು ಅನಿಸುತ್ತದೆ. ನನಗೆ ಒಪ್ಪಿಗೆಯಿಲ್ಲ. ಹಿಮ ಬೀಳುವ ದೇಶದಲ್ಲಿ ಅದು ಸರಿ. ನಮ್ಮ ಮಳೆ ಕಾಲಿನ ಮೇಲಿಂದ ಇಳಿದು ಶೂ ಬಾಯಿಯಲ್ಲೇ ಒಳಹೋಗುತ್ತದೆ. ಒಳಹೋದ ನೀರು ಹೊರಬರಲು ದಾರಿ ಇರುವುದಿಲ್ಲ. ಜಾಳಿಗೆ ಬಟ್ಟೆಯ ಶೂನಲ್ಲಿ ಬಂದ ನೀರು ಹತ್ತು ಹೆಜ್ಜೆಗೆ ಸೋರಿಹೋಗುತ್ತದೆ.

ಇನ್ನು ಚಾಮುಂಡಿ ಬೆಟ್ಟ, ನಂದಿ ಬೆಟ್ಟದ ರಸ್ತೆ. ಏರುವಾಗ ಯಾವ ಶೂ ಆದರೂ ನಡೆಯುತ್ತದೆ, ತೊಂದರೆ ಇಳಿಯುವಾಗ. ಪಾದ ಮುಂದಕ್ಕೆ ಜಾರಿ ಬೆರಳು ಶೂ ಮೂತಿಗೆ ಬಡಿಯುತ್ತದೆ. ನಿಮ್ಮ ಶೂವಿನ ಮೇಲ್ತುದಿಯಲ್ಲಿ, ಎಂದೂ ಬಳಸದ ಒಂದು ಹೆಚ್ಚುವರಿ ತೂತು ಇರುವುದನ್ನು ಗಮನಿಸಿದ್ದೀರಾ? ಲೇಸನ್ನು ಅದೇ ಬದಿಯ ಆ ತೂತಿಗೆ ತೂರಿಸಿ ಸಣ್ಣ ಕುಣಿಕೆ ಮಾಡಿ, ಆಚೆ ಬದಿಯ ಲೇಸನ್ನು ಆ ಕುಣಿಕೆಯೊಳಗಿಂದ ಎಳೆದು ಕಟ್ಟಿ. ಹಿಮ್ಮಡಿ ಬಿಗಿಯಾಗಿ ಕೂರುತ್ತದೆ, ಬೆರಳು ಬಚಾವಾಗುತ್ತದೆ. ಖರ್ಚಿಲ್ಲದ ಈ ಉಪಾಯ ಎಷ್ಟೋ ಸಲ ಹೊಸ ಶೂ ಕೊಳ್ಳುವುದನ್ನೇ ತಪ್ಪಿಸುತ್ತದೆ.

ಇಪ್ಪತ್ತು ಸಾವಿರದ ಆಸೆ

2017ರ ಮೇ ತಿಂಗಳಲ್ಲಿ ಇಟಲಿಯ ಮೊಂಜಾ ರೇಸ್ ಟ್ರ್ಯಾಕ್‌ನಲ್ಲಿ ಎಲಿಯುಡ್ ಕಿಪ್‌ಚೋಗೆ ಮ್ಯಾರಥಾನ್ ದೂರವನ್ನು 2 ಗಂಟೆ 25 ಸೆಕೆಂಡಿಗೆ ಮುಗಿಸಿದರು. ಎರಡು ವರ್ಷದ ನಂತರ ವಿಯೆನ್ನಾದಲ್ಲಿ 1 ಗಂಟೆ 59 ನಿಮಿಷ 40 ಸೆಕೆಂಡು. ಎರಡೂ ಅಧಿಕೃತ ದಾಖಲೆಗಳಲ್ಲ. ಆದರೆ ಅವರ ಕಾಲಲ್ಲಿದ್ದ ಶೂ ಲೋಕದ ಕಣ್ಣು ಕುಕ್ಕಿತು.

ಅದರ ಗುಟ್ಟು ಕಾರ್ಬನ್ ತಗಡೊಂದೇ ಅಲ್ಲ. ಪೀಬಾ ಎಂಬ ಹೊಸ ಬಗೆಯ ಫೋಮ್ ಬಲು ಹಗುರ, ಒತ್ತಿದ ಶಕ್ತಿಯ ಬಹುಪಾಲನ್ನು ವಾಪಸು ಕೊಡುತ್ತದೆ. ಅಷ್ಟು ಮೆತ್ತಗಿನ ಫೋಮ್ ಅತ್ತಿತ್ತ ವಾಲದಂತೆ ತಗಡು ಹಿಡಿದು ನಿಲ್ಲಿಸುತ್ತದೆ. ಜೋರಾಗಿ ಓಡುವ 18 ಮಂದಿಯನ್ನು ಪರೀಕ್ಷಿಸಿದಾಗ ಸರಾಸರಿ ಶೇ 4ರಷ್ಟು ಶಕ್ತಿ ಉಳಿತಾಯ ಕಂಡಿತು.

ಅವರೆಲ್ಲ ನುರಿತ ಓಟಗಾರರು ಎಂಬುದನ್ನು ಜಾಹೀರಾತು ಹೇಳುವುದಿಲ್ಲ. 2023ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಅದೇ ಬಗೆಯ ಶೂವನ್ನು ನಿಧಾನದ ವೇಗದಲ್ಲಿ ಪರೀಕ್ಷಿಸಿತು. ಗಂಟೆಗೆ 12 ಕಿ.ಮೀ. ವೇಗದಲ್ಲಿ ಲಾಭ ಸರಾಸರಿ ಶೇ 1.4ಕ್ಕೆ ಇಳಿಯಿತು, 10 ಕಿ.ಮೀ. ವೇಗದಲ್ಲಿ ಶೇ 0.9ಕ್ಕೆ. ಅದರಲ್ಲೂ ಕೆಲವರಿಗೆ ಲಾಭವೇ ಆಗಲಿಲ್ಲ. ಗಂಟೆಗೆ 10 ಕಿ.ಮೀ. ಎಂದರೆ 10ಕೆ ಓಟವನ್ನು ಒಂದು ಗಂಟೆಯಲ್ಲಿ ಮುಗಿಸುವವರು. ನಮ್ಮಲ್ಲಿ ಹೆಚ್ಚಿನವರ ವೇಗ ಅದಕ್ಕಿಂತಲೂ ಕಡಿಮೆ. ಇಂಥ ಶೂಗಳಲ್ಲಿ ಓಡಿದ ಕೆಲವರಿಗೆ ಪಾದದ ನಡುವಿನ ನಾವಿಕ್ಯುಲರ್ ಮೂಳೆಗೆ ಪೆಟ್ಟಾದ ಬಗ್ಗೆ ಕ್ರೀಡಾ ವೈದ್ಯರು ಐದು ಪ್ರಕರಣ ವರದಿ ಮಾಡಿದ್ದಾರೆ. ಐದು ದೊಡ್ಡ ಸಂಖ್ಯೆಯಲ್ಲ, ಆದರೆ ದಿನಾ ಹಾಕಿಕೊಂಡು ಓಡುವವರಿಗೆ ಎಚ್ಚರಿಕೆಯಾಗಿ ಸಾಕು.

2023ರ ಬರ್ಲಿನ್ ಮ್ಯಾರಥಾನ್‌ನಲ್ಲಿ ಇಥಿಯೋಪಿಯಾದ ಟಿಗಿಸ್ಟ್ ಅಸೆಫಾ 2 ಗಂಟೆ 11 ನಿಮಿಷ 53 ಸೆಕೆಂಡಿನಲ್ಲಿ ಓಡಿ ಆಗಿನ ವಿಶ್ವದಾಖಲೆ ಬರೆದರು. ಕಾಲಲ್ಲಿದ್ದ ಶೂವಿನ ತೂಕ 138 ಗ್ರಾಂ, ಬೆಲೆ 500 ಡಾಲರ್. ಕಂಪನಿ ಅದನ್ನು ಮಾರಿದ್ದೇ ಒಂದು ಮ್ಯಾರಥಾನ್‌ಗೆ ಎಂದು. ಗೆದ್ದ ಮೇಲೆ ಅಸೆಫಾ ಆ ಶೂವನ್ನು ಕೈಯಲ್ಲಿ ಎತ್ತಿಹಿಡಿದರು. ಅದು ಅವರ ಕಸುಬು. ನಮ್ಮದು ಹವ್ಯಾಸ.

■ ಕಿಲೋಮೀಟರಿಗೆ ಎಷ್ಟು?
10,000 ರೂಪಾಯಿಯ ದಿನದ ಶೂ 700 ಕಿ.ಮೀ. ಬಾಳಿದರೆ ಕಿಲೋಮೀಟರಿಗೆ ಸುಮಾರು 14 ರೂಪಾಯಿ. 20,000 ರೂಪಾಯಿಯ ಕಾರ್ಬನ್ ಶೂ 400 ಕಿ.ಮೀ. ಬಂದರೆ 50 ರೂಪಾಯಿ. 3,000 ರೂಪಾಯಿಯ ಶೂ 400 ಕಿ.ಮೀ. ಬಂದರೂ ಏಳೂವರೆ ರೂಪಾಯಿ. 2025ರ ಸೆಪ್ಟೆಂಬರ್ 22ರಿಂದ ಜೋಡಿಗೆ 2,500 ರೂಪಾಯಿವರೆಗಿನ ಪಾದರಕ್ಷೆಗೆ ಶೇ 5 ಜಿಎಸ್‌ಟಿ, ಅದಕ್ಕೂ ಮೇಲಿನದಕ್ಕೆ ಶೇ 18.

ಅಂಗಡಿಯೊಳಗೆ

ಸಂಜೆ ಹೋಗಿ. ದಿನವಿಡೀ ನಿಂತು ನಡೆದು ಪಾದ ಊದಿರುವ ಹೊತ್ತು ಅದು. ಓಡುವಾಗ ಹಾಕುವ ಕಾಲುಚೀಲವನ್ನೇ ಒಯ್ಯಿರಿ. ಎರಡೂ ಕಾಲಿಗೆ ಹಾಕಿ ನೋಡಿ, ಒಂದು ಪಾದ ಇನ್ನೊಂದಕ್ಕಿಂತ ದೊಡ್ಡದಿರುವುದು ಸಾಮಾನ್ಯ. ಎದ್ದು ನಿಂತಾಗ ಉದ್ದನೆಯ ಬೆರಳಿನ ಮುಂದೆ ಹೆಬ್ಬೆರಳಿನಗಲ ಜಾಗ ಇರಲಿ. ಆಫೀಸ್ ಶೂ ಸೈಜಿಗಿಂತ ಅರ್ಧ ಸೈಜ್ ದೊಡ್ಡದು ಬೇಕಾಗಬಹುದು, ಅದಕ್ಕೆ ಹಿಂಜರಿಯಬೇಡಿ.

ಉದ್ದಕ್ಕಿಂತ ನಮಗೆ ಅಗಲದ್ದೇ ತಕರಾರು. ಇಲ್ಲಿ ಬಿಕರಿಯಾಗುವ ಶೂಗಳ ಅಳತೆ ಪರದೇಶದ್ದು. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021ರ ಡಿಸೆಂಬರ್‌ನಿಂದ 2022ರ ಮಾರ್ಚ್‌ವರೆಗೆ ದೇಶದ 79 ಕಡೆ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದಗಳನ್ನು ಅಳೆಯಿತು. ಭಾರತೀಯರ ಪಾದ ಯುರೋಪ್, ಅಮೆರಿಕದವರದಕ್ಕಿಂತ ಅಗಲ ಎಂದು ಕಂಡುಬಂತು. ಅದರ ಮೇಲೆ ‘ಭಾ’ ಎಂಬ ದೇಶೀ ಅಳತೆಯನ್ನು ಪ್ರಸ್ತಾಪಿಸಲಾಗಿದೆ. ಅದು ಅಂಗಡಿಗೆ ಬರುವವರೆಗೆ 2ಇ ಎಂದು ಬರೆದಿರುವುದನ್ನು ಕೇಳಿ. ಅಗಲ ಸಾಲದೆಂದು ಎರಡು ಸೈಜ್ ದೊಡ್ಡದು ಕೊಂಡರೆ ಹಿಮ್ಮಡಿ ಲೊಡಲೊಡ ಅನ್ನುತ್ತದೆ. ಹೆಂಗಸರಿಗೆ ಅವರ ಸಾಲಿನ ಶೂ ಬಿಗಿಯಾದರೆ ಗಂಡಸರ ಸಾಲಿನದು ಹಾಕಿ ನೋಡಲಿ, ಸಂಕೋಚವೇಕೆ?

ಕೂತು ನೋಡಿದರೆ ಸಾಲದು, ಎದ್ದು ಓಡಿ. ಅಂಗಡಿಯವರು ಬೇಡವೆಂದರೆ ಬೇರೆ ಅಂಗಡಿಗೆ ಹೋಗಿ. ‘ಹಾಕ್ತಾ ಹಾಕ್ತಾ ಲೂಸ್ ಆಗುತ್ತೆ ಸರ್’ ಎಂಬ ಮಾತು ಚರ್ಮದ ಶೂ ಕಾಲದ್ದು. ಓಟದ ಶೂ ಮೊದಲ ದಿನವೇ ಹಿತವಾಗಿರಬೇಕು.

ದುಡ್ಡು ಉಳಿಸುವ ನೇರ ದಾರಿ ಹೋದ ವರ್ಷದ ಮಾಡೆಲ್. ಹೊಸ ಆವೃತ್ತಿ ಬಂದ ಕೂಡಲೇ ಹಳೆಯದರ ಬೆಲೆ ಇಳಿಯುತ್ತದೆ. ಎಷ್ಟೋ ಸಲ ಬದಲಾಗಿರುವುದು ಬಣ್ಣ ಮಾತ್ರ. ಆದರೆ ಫುಟ್‌ಪಾತಿನ ‘ಫಸ್ಟ್ ಕಾಪಿ’ಗೆ ಹೋಗಬೇಡಿ. ಹೊರಗಿನ ಗುರುತು ಥೇಟ್ ಅದೇ, ಒಳಗಿನ ಫೋಮ್ ಬೇರೆ. ಆ ದುಡ್ಡಿಗೆ ಯಾವುದೋ ದೇಶೀ ಕಂಪನಿಯ ಅಸಲಿ ಶೂ ಕೊಳ್ಳುವುದು ಲೇಸು.

ಶೂ ಮುಪ್ಪಾಗುವ ಬಗೆ

ಓಟದ ಶೂವಿನ ಆಯಸ್ಸು ಸುಮಾರು 500ರಿಂದ 800 ಕಿ.ಮೀ. ವಾರಕ್ಕೆ 20 ಕಿ.ಮೀ. ಓಡುವವರಿಗೆ ಆರು–ಒಂಬತ್ತು ತಿಂಗಳು. ಮೇಲೆ ಹೊಸದರಂತೆ ಹೊಳೆಯುತ್ತಿದ್ದರೂ ಒಳಗಿನ ಫೋಮ್ ಸತ್ತಿರುತ್ತದೆ. ಅಟ್ಟೆಯ ಪಕ್ಕದಲ್ಲಿ ಉದ್ದುದ್ದ ಸುಕ್ಕು ಬಿದ್ದಿದ್ದರೆ, ಮೇಜಿನ ಮೇಲಿಟ್ಟಾಗ ಒಂದು ಬದಿಗೆ ವಾಲಿದರೆ, ಕಾರಣವಿಲ್ಲದೆ ಮಂಡಿ ಅಥವಾ ಅದರ ಕೆಳಗೆ ಕಾಲಿನ ಮುಂಭಾಗ ನೋಯತೊಡಗಿದರೆ ಬದಲಿಸಿ. ಕೊಂಡ ತಾರೀಖನ್ನು ಶೂ ನಾಲಿಗೆಯ ಒಳಮೈಯಲ್ಲಿ ಪೆನ್ನಿನಿಂದ ಬರೆದಿಡಿ. ನೆನಪಿಗಿಂತ ಅದು ನಿಯತ್ತಿನದು. ನಿವೃತ್ತ ಶೂವಿಗೆ ತರಕಾರಿ ತರುವ ಕೆಲಸ ಕೊಡಿ.

ನೆನೆದ ಶೂವನ್ನು ಬಿಸಿಲಿಗೋ ಹೀಟರ್ ಮುಂದೆಯೋ ಇಡಬೇಡಿ, ಅಂಟು ಬಿಡುತ್ತದೆ. ಹಳೇ ಪತ್ರಿಕೆಯ ಹಾಳೆ ಉಂಡೆ ಮಾಡಿ ತುರುಕಿ ನೆರಳಲ್ಲಿಡಿ, ಎರಡು ಗಂಟೆಗೊಮ್ಮೆ ಬದಲಿಸಿ. ಈ ಪುರವಣಿಯೂ ಆದೀತು, ಓದಿಯಾದ ಮೇಲೆ!

ಎರಡು ಜೋಡಿ ಇದ್ದರೆ ಒಂದು ಒಣಗುತ್ತಿರುವಾಗ ಇನ್ನೊಂದು ಓಡುತ್ತದೆ. ಲಾಭ ಅಷ್ಟಕ್ಕೇ ನಿಲ್ಲುವುದಿಲ್ಲ. ಲಕ್ಸೆಂಬರ್ಗ್‌ನಲ್ಲಿ 264 ಓಟಗಾರರನ್ನು 22 ವಾರ ಗಮನಿಸಿದಾಗ, ಒಂದಕ್ಕಿಂತ ಹೆಚ್ಚು ಶೂಗಳನ್ನು ಸರದಿಯಲ್ಲಿ ಹಾಕುವವರಿಗೆ ಗಾಯದ ಅಪಾಯ ಶೇ 39ರಷ್ಟು ಕಡಿಮೆ ಇತ್ತು. ಬೇರೆ ಬೇರೆ ಶೂ ಕಾಲಿನ ಬೇರೆ ಬೇರೆ ಜಾಗಕ್ಕೆ ಭಾರ ಹಂಚುವುದು ಕಾರಣವಿರಬಹುದು ಎಂಬುದು ಸಂಶೋಧಕರ ಊಹೆ.

ಹಾಗಾಗಿ ಕೈಯಲ್ಲಿ ಇಪ್ಪತ್ತು ಸಾವಿರ ಇದ್ದರೆ ನನ್ನ ತೀರ್ಪು ಇದು: ಕಾರ್ಬನ್ ಶೂ ಬಿಡಿ. ಹೋದ ವರ್ಷದ ಮಾಡೆಲ್ಲಿನ ಒಂದು ಒಳ್ಳೆಯ ದಿನದ ಶೂ ಕೊಳ್ಳಿ. ಜೊತೆಗೆ ನಿಮ್ಮ ಎರಡನೇ ಓಟ ಯಾವುದೋ ಅದಕ್ಕೊಂದು: ಜೋರು ಓಟವಾದರೆ ಹಗುರದ್ದು, ತೋಟ–ಬೆಟ್ಟವಾದರೆ ಲಗ್ ಇರುವುದು. ಉಳಿದ ದುಡ್ಡಿನಲ್ಲಿ ಎರಡು ಜೊತೆ ಒಳ್ಳೆಯ ಕಾಲುಚೀಲ, ಒಂದು ರೇಸಿನ ಶುಲ್ಕ, ಶ್ರೀರಂಗಪಟ್ಟಣಕ್ಕೆ ಹೋಗಿಬರುವ ಖರ್ಚು ಬರುತ್ತದೆ. ಏನೇ ಕೊಂಡರೂ ರೇಸಿಗೆ ಮೂರು ವಾರ ಮೊದಲೇ ಕೊಳ್ಳಿ. ಎದೆಗೆ ಸಿಕ್ಕಿಸುವ ನಂಬರ್ ಚೀಟಿ, ಅಂದರೆ ಬಿಬ್ ತೆಗೆದುಕೊಳ್ಳಲು ಹೋದ ದಿನ ಪಕ್ಕದ ಮಳಿಗೆಯಲ್ಲಿ ರಿಯಾಯಿತಿಗೆ ಸಿಕ್ಕಿದ ಹೊಸ ಶೂವನ್ನು ಮರುದಿನ ಬೆಳಿಗ್ಗೆ ಮಾತ್ರ ಹಾಕಿಕೊಳ್ಳಬೇಡಿ.